ಸ್ಯಾಕ್ಸ್-ಜಿಮ್ ಬಾಗ್: ಎರಡು ದಿನ ಸುತ್ತಿದ್ರೂ ಗ್ರೇಟ್ ಗ್ರೇ ಔಲ್ ಯಾಕೆ ಸಿಗಲ್ಲ?

ಮಿನಿಯಾಪೊಲಿಸ್_ಮೈನಾ
ಎಲ್ರಿಗೂ ನಮಸ್ಕಾರ. ಜನವರಿ ಕೊನೇ ವಾರಾಂತ್ಯಕ್ಕೆ ಮತ್ತೆ ಉತ್ತರ ಮಿನ್ನೆಸೋಟದ ಜೌಗುಕಾಡು ಸ್ಯಾಕ್ಸ್-ಜಿಮ್ ಬಾಗ್ ಕಡೆ ಹೊರಡೋ ಯೋಚನೆ ಇದೆ. ಮುಖ್ಯವಾಗಿ ಗ್ರೇಟ್ ಗ್ರೇ ಔಲ್ ಅನ್ನೋ ದೊಡ್ಡ ಗೂಬೆ, ಸಿಕ್ರೆ ಹಾಕ್ ಔಲ್, ಬೋರಿಯಲ್ ಚಿಕಡೀ ಅನ್ನೋ ಪುಟ್ಟ ಹಕ್ಕಿ. ಹೋದ ಸಲ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ, ಎರಡೂ ದಿನ, ರಸ್ತೆ ರಸ್ತೆ ಸುತ್ತಿದ್ದಾಯ್ತು. ಗೂಬೆ ಸೊನ್ನೆ. ಕ್ಯಾಮೆರಾ ಬ್ಯಾಟರಿ ಅರ್ಧ ಗಂಟೆಗೇ ಮಲಗಿತು, ಕಾರೊಳಗಿಂದ ತೆಗೆದ ಫೋಟೋ ಒಂದೂ ಚೂಪಾಗಿಲ್ಲ. ಹಕ್ಕಿ ಕಂಡ ಜಾಗ ದಾಖಲಿಸೋ ಇ-ಬರ್ಡ್ ತೆಗೆದ್ರೆ ನಕ್ಷೆಯಲ್ಲಿ ಗ್ರೇಟ್ ಗ್ರೇ ಪಿನ್ನೇ ಕಾಣಲ್ಲ.

ಈ ಸಲ ಊರಿಂದ ಬಂದಿರೋ ಅಪ್ಪ ಅಮ್ಮನೂ ಜೊತೆಗೆ. ಇಬ್ಬರಿಗೂ 65 ದಾಟಿದೆ. ಎಲ್ಲಿ, ಯಾವ ಹೊತ್ತಲ್ಲಿ, ಹೇಗೆ ನೋಡಬೇಕು? ಮೈನಸ್ 25 ಸೆಲ್ಸಿಯಸ್‌ನಲ್ಲಿ ಅವರಿಗೆ ಏನು ಹಾಕಿಸಬೇಕು? ಗೊತ್ತಿರೋರು ದಯವಿಟ್ಟು ಹೇಳಿ.

ಉತ್ತರದಿಕ್ಕು
ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. 10ರಿಂದ 3 ಅಂದ್ರೆ ಗೂಬೆ ಕಾಡೊಳಗೆ ಕಾಂಡಕ್ಕೆ ಒತ್ತಿಕೊಂಡು ಕೂತು ನಿದ್ದೆ ಮಾಡೋ ಹೊತ್ತು. ಜನವರಿ ಕೊನೇಲಿ ಅಲ್ಲಿ ಸೂರ್ಯೋದಯ ಸುಮಾರು 7:40, ಸೂರ್ಯಾಸ್ತ ಸುಮಾರು 5. ಬೆಳಕು ಹರಿಯೋ ಅರ್ಧ ಗಂಟೆ ಮುಂಚೆ ನೀವು ಬಾಗ್ ಒಳಗಿನ ರಸ್ತೆಯಲ್ಲಿರಬೇಕು. 9:30ರವರೆಗೆ ನೋಡಿ. ಆಮೇಲೆ ಹಕ್ಕಿಗೆ ಕಾಳಿಡೋ ಫೀಡರ್, ತಿಂಡಿ, ಏನಾದ್ರೂ ಮಾಡ್ಕೊಳ್ಳಿ. ಮತ್ತೆ 3:15ಕ್ಕೆ ರಸ್ತೆಗೆ ಇಳಿದು ಪೂರ್ತಿ ಕತ್ತಲಾಗೋವರೆಗೆ ಬಿಡಬೇಡಿ. ಅಂದ್ರೆ ನೀವು ವಾಪಸ್ ಹೊರಟ ಹೊತ್ತಿಗೆ ಅದರ ಆಫೀಸು ತೆಗೆಯುತ್ತೆ.

ಮಿನಿಯಾಪೊಲಿಸ್‌ನಿಂದ ಅದೇ ಬೆಳಿಗ್ಗೆ ಹೊರಡೋದಾದ್ರೆ ನಾಲ್ಕು ಗಂಟೆಗೆ ಮನೆ ಬಿಡಬೇಕು. ಐ-35ರಲ್ಲಿ ಕ್ಲೋಕೆವರೆಗೆ, ಅಲ್ಲಿಂದ ಹೆದ್ದಾರಿ 33, ಆಮೇಲೆ 53. ವಯಸ್ಸಾದವರು ಇದ್ದಾರೆ ಅಂದ ಮೇಲೆ ಹಿಂದಿನ ರಾತ್ರಿ ಕ್ಲೋಕೆಯಲ್ಲೋ ಡುಲುತ್‌ನಲ್ಲೋ ಉಳಿಯೋದು ವಾಸಿ.

ಗಂಟೆಗೆ 15 ಮೈಲಿಗಿಂತ ಜೋರಾಗಿ ಹೋಗಬೇಡಿ. ಮೆಕ್‌ಡೇವಿಟ್ ರಸ್ತೆ, ಅಡ್ಮಿರಲ್ ರಸ್ತೆ, ಜಿಮ್ ರಸ್ತೆ, ಆರ್ಕೋಲಾ ರಸ್ತೆ, ಇವು ಸಾಲಾಗಿ ಒಂದು ಸುತ್ತು. ದಟ್ಟ ಕಾಡನ್ನ ದಿಟ್ಟಿಸಬೇಡಿ, ಕಾಡು ಮುಗಿದು ಹುಲ್ಲುಗಾವಲು ಶುರುವಾಗೋ ಅಂಚನ್ನ ನೋಡಿ. ಗೂಬೆ ಸಾಮಾನ್ಯವಾಗಿ ನೆಲದಿಂದ 2ರಿಂದ 5 ಮೀಟರ್ ಎತ್ತರದಲ್ಲಿ ಕೂರುತ್ತೆ, ಮರದ ತುದಿಯಲ್ಲಲ್ಲ. ಚಳಿಗಾಲದಲ್ಲಿ ಟ್ಯಾಮರ್ಯಾಕ್ ಮರ ಸೂಜಿಯೆಲೆ ಉದುರಿಸಿ ಬೋಳಾಗಿರುತ್ತೆ, ಅದರ ಮೇಲೆ ಕೂತಿದ್ರೆ ಕಾಣೋದು ಸುಲಭ. ಎಲೆ ಉದುರಿಸದ ಬ್ಲ್ಯಾಕ್ ಸ್ಪ್ರೂಸ್ ಮರದಲ್ಲಿ ಕೂತಿದ್ರೆ ನೂರರಲ್ಲಿ ತೊಂಬತ್ತು ಜನ ಮುರಿದ ಮೋಟು ಮರ ಅಂದ್ಕೊಂಡು ದಾಟಿ ಹೋಗ್ತಾರೆ. ಮೋಟು ಮರಕ್ಕೆ ಗದ್ದದ ಕೆಳಗೆ ಬಿಳಿ ಬೋ-ಟೈ ಇದ್ರೆ ಬ್ರೇಕ್ ಹಾಕಿ.

ಕುಡ್ಲ_ಕಡಲಕಾಗೆ
ಹತ್ತು ಗಂಟೆಗೆ ಹೋಗಿ, ಕಾಣ್ಲಿಲ್ಲ ಅಂತ ಬಾಗ್ ಮೇಲೆ ಗೂಬೆ ಕೂರಿಸುವುದು ಯಾವ ನ್ಯಾಯ ಮಾರಾಯ್ರೆ :)

ಎಂಟು_ನಲವತ್ತೆರಡು
ಉತ್ತರದಿಕ್ಕು ಅವರ ಮಾತಿಗೆ ಒಂದು ತಿದ್ದುಪಡಿ. ಮೋಡ ಕವಿದು, ಗಾಳಿ ಇಲ್ಲದೆ, ಹಿಮ ಸಣ್ಣಗೆ ಬೀಳ್ತಿದ್ರೆ ಮಧ್ಯಾಹ್ನ 12ಕ್ಕೂ ಬೇಟೆ ಆಡುತ್ತೆ. ಗಡಿಯಾರಕ್ಕಿಂತ ಗಾಳಿ ಮುಖ್ಯ. ಈ ಗೂಬೆ ಬೇಟೆ ಮಾಡೋದು ಕಿವಿಯಿಂದ. ಹಿಮದಡಿಯಲ್ಲಿ ಓಡಾಡೋ ವೋಲ್, ಅಂದ್ರೆ ಗಿಡ್ಡ ಬಾಲದ ಇಲಿ, ಅದರ ಸದ್ದನ್ನ ಹಿಡೀಬೇಕು. ಗಾಳಿ ಬೀಸ್ತಿದ್ರೆ ಅದಕ್ಕೂ ಏನೂ ಕೇಳಲ್ಲ, ಸುಮ್ನೆ ಒಳಗೆ ಕೂರುತ್ತೆ. ಹವಾಮಾನ ನೋಡೋವಾಗ ಎಲ್ರೂ ತಾಪಮಾನ ನೋಡ್ತಾರೆ, ನೀವು ಗಾಳಿಯ ವೇಗ ನೋಡಿ. ಗಂಟೆಗೆ 15 ಮೈಲಿ ದಾಟಿದ ದಿನ ಫೀಡರ್ ಹಕ್ಕಿಗಳಿಗೆ ಮೀಸಲಿಡಿ.

ಬೇಟೆ ಗಮನಿಸೋಕೆ ಸಿಕ್ರೆ ಒಂದು ವಿಷಯ ನೋಡಿ. ಓರೆಯಾಗಿ ಎರಗಲ್ಲ. ಇಲಿ ಇರೋ ಜಾಗದ ನೇರ ಮೇಲೆ ಬಂದು, ರೆಕ್ಕೆ ಬಡೀತಾ ಕ್ಷಣಕಾಲ ನಿಂತು, ಆಮೇಲೆ ನೆಟ್ಟಗೆ ಕೆಳಗೆ ಬೀಳುತ್ತೆ. ಹಿಮದ ಪದರದಿಂದ ಹೊರಗೆ ಬರೋವಾಗ ಸದ್ದು ಬಾಗುತ್ತೆ, ಪಕ್ಕದಿಂದ ಕೇಳಿದ್ರೆ ಇಲಿ ಬೇರೆ ಕಡೆ ಇದ್ದಂಗೆ ಭಾಸ ಆಗುತ್ತೆ. ನೇರ ಮೇಲಿಂದ ಕೇಳಿದ್ರೆ ಆ ಮೋಸ ಇರಲ್ಲ. 45 ಸೆಂಟಿಮೀಟರ್ ಹಿಮ ಸೀಳಿ ಇಲಿ ಹಿಡಿಯೋ ಶಕ್ತಿ ಇದಕ್ಕಿದೆ, ತೂಕ ನೋಡಿದ್ರೆ ಒಂದು ಕೆಜಿ ಆಸುಪಾಸು. ಉಳಿದದ್ದೆಲ್ಲ ಬರೀ ಪುಕ್ಕ.

ಮರಕುಟಿಗ
ಒಂದು ಕೆಜಿನಾ? ಉತ್ತರ ಅಮೆರಿಕದ ಅತಿ ದೊಡ್ಡ ಗೂಬೆ ಅಂತಾರಲ್ಲ?

ಎಂಟು_ನಲವತ್ತೆರಡು
ಉದ್ದದಲ್ಲಿ ದೊಡ್ಡದು. ತೂಕದಲ್ಲಿ ಗ್ರೇಟ್ ಹಾರ್ನ್ಡ್ ಔಲ್ ಇದಕ್ಕಿಂತ ಭಾರ, ಸ್ನೋಯಿ ಔಲ್ ಹತ್ತಿರ ಹತ್ತಿರ ಇದರ ಎರಡರಷ್ಟು. ಹೆಣ್ಣು ಗ್ರೇಟ್ ಗ್ರೇ ಗಂಡಿಗಿಂತ ಸ್ವಲ್ಪ ಭಾರ ಇರುತ್ತೆ, ಅಷ್ಟೆ.

ಧಾರವಾಡದ_ಹಕ್ಕಿ
ಒಂದು ಮಾತು ಎಲ್ಲಾರೂ ಬಿಟ್ರಿ ನೋಡ್ರಿ. ಎಲ್ಲಾ ಚಳಿಗಾಲ ಒಂದಽ ಥರ ಇರೂದಿಲ್ಲ. ಬಾಗ್‌ನಾಗ ಕೆಲವು ಜೋಡಿ ವರ್ಷಪೂರ್ತಿ ಇರ್ತಾವು, ಖರೆ. ಆದರ ಕೆನಡಾದಾಗ ವೋಲ್ ಸಂಖ್ಯೆ ಕುಸಿದ ವರ್ಷ ಉತ್ತರದ ಗೂಬಿ ದಂಡುಗಟ್ಟಿ ಕೆಳಗ ಇಳಿತಾವು. 2004-05ರ ಚಳಿಗಾಲದಾಗ ಮಿನ್ನೆಸೋಟ ಒಂದರಾಗ 5,000ಕ್ಕೂ ಹೆಚ್ಚು ಗ್ರೇಟ್ ಗ್ರೇ ಲೆಕ್ಕ ಸಿಕ್ಕಿದ್ದವು. ಅಂಥಾ ವರ್ಷ ಮಧ್ಯಾಹ್ನ ಹನ್ನೆರಡಕ್ಕ ಹೋದರೂ ಸಿಗ್ತಾವು, ಕಣ್ಣು ಮುಚ್ಚಿಕೊಂಡು ಹೋದರೂ ಸಿಗ್ತಾವು. ಸಾದಾ ವರ್ಷ ಎರಡು ದಿನಕ್ಕ ಒಂದು ಕಂಡರ ನಸೀಬು ಛಲೋ ಅಂತ ತಿಳೀರಿ. ವೋಲ್ ಸಂಖ್ಯೆ 3ರಿಂದ 5 ವರ್ಷಕ್ಕೊಮ್ಮೆ ಏರಿ ಇಳೀತದ, ಆದರ ಅದನ್ನ ಪಂಚಾಂಗದಂಗ ನಂಬಬ್ಯಾಡ್ರಿ.

ಉತ್ತರದಿಕ್ಕು
ಒಪ್ಪಿದೆ. ಇದಕ್ಕೆ ಇನ್ನೊಂದು ಸೇರಿಸ್ತೀನಿ. ಹಿಮದ ಆಳಕ್ಕಿಂತ ಅದರ ಮೇಲ್ಪದರ ಮುಖ್ಯ. ಹಿಮದ ಮೇಲೆ ಮಳೆ ಬಿದ್ದು ಹೆಪ್ಪುಗಟ್ಟಿತು ಅಂದ್ರೆ ದಪ್ಪ ಹಪ್ಪಳದಂಥ ಪದರ ಕೂರುತ್ತೆ. ಇಲಿ ಕೆಳಗೆ ಸುಖವಾಗಿರುತ್ತೆ, ಗೂಬೆ ಮೇಲೆ ಉಪವಾಸ. ಆಗ ಅವು ಹಿಮ ಕಮ್ಮಿ ಇರೋ ರಸ್ತೆ ಅಂಚಿಗೆ ಬರ್ತಾವೆ. ನಮಗೆ ಚೆನ್ನಾಗಿ ಕಾಣುತ್ತೆ ಅಂತ ಖುಷಿ, ಅದರ ಪಾಡು ಮಾತ್ರ ಕಷ್ಟದ್ದು. ರಸ್ತೆಗೆ ಅಡ್ಡ, ಬಾನೆಟ್ ಎತ್ತರದಲ್ಲಿ ಹಾರುತ್ತೆ. ಕಾರಿಗೆ ಸಿಕ್ಕಿ ಸಾಯೋದು ಹೆಚ್ಚಾಗಿ ಇಂಥ ವಾರಗಳಲ್ಲೇ. ಸಂಜೆ ಹೆದ್ದಾರಿ 7 ಹಿಡಿದು ಹೋಗೋವಾಗ 55 ಮೈಲಿ ವೇಗದಲ್ಲಿ ಹಾರಿಸಬೇಡಿ.

ಮಿನಿಯಾಪೊಲಿಸ್_ಮೈನಾ
ತುಂಬಾ ಉಪಕಾರ ಆಯ್ತು. ಇ-ಬರ್ಡ್ ವಿಷಯ? ಯಾರಾದ್ರೂ ಹೋದ ವಾರ ನೋಡಿದ್ದ ಜಾಗದ ಲೊಕೇಶನ್ ಕೊಟ್ರೆ ಅಪ್ಪ ಅಮ್ಮನಿಗೆ ಸುತ್ತಾಟ ತಪ್ಪುತ್ತೆ.

ಮರಕುಟಿಗ
ಲೊಕೇಶನ್ ಇಲ್ಲಿ ಬೇಡ. ಇ-ಬರ್ಡ್‌ನವರು ಸೂಕ್ಷ್ಮ ಪ್ರಭೇದ ಅಂತ ಪಟ್ಟಿ ಮಾಡಿರೋ ಹಕ್ಕಿಗಳ ಪಿನ್ ತೋರಿಸಲ್ಲ, 20 ಕಿಮೀ ಉದ್ದಗಲದ ಚೌಕದಲ್ಲಿ ಎಲ್ಲೋ ಇದೆ ಅಂತಷ್ಟೇ ಕಾಣುತ್ತೆ. ಅಲರ್ಟ್‌ನಲ್ಲೂ ಬರಲ್ಲ. ಒಂದು ಗೂಬೆಗೆ 30 ಕಾರು, 60 ಲೆನ್ಸು ಸೇರಿದ್ರೆ ಅದು ಊಟ ಬಿಟ್ಟು ಜಾಗ ಬಿಡುತ್ತೆ. ಮೈನಸ್ 25ರಲ್ಲಿ ಒಂದೆರಡು ಬೇಟೆ ತಪ್ಪೋದು ಸಣ್ಣ ವಿಷಯ ಅಲ್ಲ.

ಚಳಿಗೆ_ಚಹಾ
ಇದು ಹಳಬರ ಅಹಂಕಾರ ಅನ್ಸುತ್ತೆ ನಂಗೆ. ಮಾತಾಡೋಕೆ ಗೊತ್ತಿರೋ ಗೆಳೆಯರಿದ್ರೆ ವಾಟ್ಸಾಪ್‌ನಲ್ಲಿ ಲೊಕೇಶನ್ ಬರುತ್ತೆ, ಹೊಸಬರಿಗೆ ಮಾತ್ರ ಉಪದೇಶ. ದೊಡ್ಡ ಲೆನ್ಸ್ ಇರೋರೇ ಅಲ್ವಾ ಹತ್ತಿರ ಹೋಗಿ ಹಾರಿಸೋದು?

ಮರಕುಟಿಗ
ಗುಂಪುಗಾರಿಕೆ ಇದೆ ಅನ್ನೋದು ನಿಜ, ವಾದ ಮಾಡಲ್ಲ. ಆದ್ರೆ ಬಾಗ್ ಮಟ್ಟಿಗೆ ಲೊಕೇಶನ್ನಿಂದ ಉಪಯೋಗನೂ ಕಮ್ಮಿ. ನಿನ್ನೆ ಸಂಜೆ ಇದ್ದ ಕಂಬದ ಮೇಲೆ ಇವತ್ತು ಬೆಳಿಗ್ಗೆ ಇರುತ್ತೆ ಅನ್ನೋಕಾಗಲ್ಲ, ಅರ್ಧ ಮೈಲಿ ಆಚೆ ಈಚೆ ಇರುತ್ತೆ. ಪಿನ್ ಹಿಡಿದು ಹೋದೋರು ಪಿನ್ ಹತ್ರ ನಿಂತು ಕಾಯ್ತಾರೆ, ರಸ್ತೆ ಹಿಡಿದು ಹೋದೋರಿಗೆ ಹಕ್ಕಿ ಸಿಗುತ್ತೆ. ಔಲ್ ಅವೆನ್ಯೂನಲ್ಲಿ ಫ್ರೆಂಡ್ಸ್ ಆಫ್ ಸ್ಯಾಕ್ಸ್-ಜಿಮ್ ಬಾಗ್ ಅವರ ವೆಲ್ಕಮ್ ಸೆಂಟರ್ ಇದೆ. ಅಲ್ಲಿಗೆ ಹೋಗಿ ಕೇಳಿದ್ರೆ ಯಾವ ರಸ್ತೆಗಳಲ್ಲಿ ಓಡಾಟ ಇದೆ ಅಂತ ಹೇಳ್ತಾರೆ. ನಕ್ಷೆ ಸಿಗುತ್ತೆ, ಶೌಚಾಲಯನೂ ಇದೆ. ಅಪ್ಪ ಅಮ್ಮ ಜೊತೆಗಿದ್ರೆ ಗೂಬೆಗಿಂತ ಮೊದಲು ಇದನ್ನ ಗುರುತು ಹಾಕ್ಕೊಳ್ಳಿ. ಸುಮಾರು 300 ಚದರ ಮೈಲಿ ಜಾಗದಲ್ಲಿ ಅಂಥ ಸೌಕರ್ಯ ಬೆರಳೆಣಿಕೆ.

ಕುಡ್ಲ_ಕಡಲಕಾಗೆ
ಶೌಚಾಲಯದ ಲೊಕೇಶನ್ ಮಾತ್ರ ಸೂಕ್ಷ್ಮ ಪ್ರಭೇದ ಮಾಡ್ಬೇಡಿ ಆಯ್ತಾ.

ಚಳಿಗೆ_ಚಹಾ
ಸರಿ, ಹಾಗಾದ್ರೆ ಇಲಿ ಎಸೆದು ಫೋಟೋ ತೆಗೆಯೋರ ಬಗ್ಗೆ ಏನಂತೀರಿ? ಅಂಗಡಿಯಿಂದ ಬಿಳಿ ಇಲಿ ತಂದು ಹಿಮದ ಮೇಲೆ ಬಿಡ್ತಾರೆ. ಮಿನ್ನೆಸೋಟದಲ್ಲಿ ಅದಕ್ಕೆ ಕಾನೂನಿನ ಅಡ್ಡಿ ಇಲ್ಲ ಅಂತಾರೆ. ನೀವು ಫೀಡರ್‌ಗೆ ಕಾಳು ಹಾಕೋದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಎಂಟು_ನಲವತ್ತೆರಡು
ವ್ಯತ್ಯಾಸ ಇದೆ. ಫೀಡರ್ ಒಂದೇ ಜಾಗದಲ್ಲಿರುತ್ತೆ, ಹಕ್ಕಿ ಅಲ್ಲಿಗೆ ಬರುತ್ತೆ, ಮನುಷ್ಯನ ಕೈಗೂ ಕಾಳಿಗೂ ನಂಟು ಕಲ್ಪಿಸಲ್ಲ. ಇಲಿ ಬಿಡೋನು ಬಿಡೋದು ರಸ್ತೆ ಪಕ್ಕ, ಯಾಕಂದ್ರೆ ಅವನು ನಿಂತಿರೋದೇ ಅಲ್ಲಿ. ಮೂರು ದಿನದಲ್ಲಿ ಗೂಬೆ ‘ಕಾರು ನಿಂತ್ರೆ ಊಟ’ ಅಂತ ಕಲಿಯುತ್ತೆ. ನಾಲ್ಕನೇ ದಿನ ನಿಲ್ಲದೆ ಇರೋ, ಮರ ಸಾಗಿಸೋ ಲಾರಿ ಕಡೆ ಹಾರುತ್ತೆ. ಸ್ಥಳೀಯ ಹಕ್ಕಿ ಗುಂಪುಗಳು, ಫೋಟೋ ಸ್ಪರ್ಧೆಗಳಲ್ಲಿ ಬಹಳಷ್ಟು, ಇಂಥ ಚಿತ್ರಗಳನ್ನ ತಗೊಳ್ಳಲ್ಲ. ಗುರುತಿಸೋದೂ ಕಷ್ಟ ಇಲ್ಲ. ಗೂಬೆ ಕ್ಯಾಮೆರಾ ಕಡೆ ನೇರ ನೋಡ್ತಾ, ರೆಕ್ಕೆ ಪೂರ್ತಿ ಬಿಚ್ಚಿ, ನೆಲಕ್ಕೆ ಒಂದಡಿ ಎತ್ತರದಲ್ಲಿ, ಹಿನ್ನೆಲೆ ಸ್ವಚ್ಛವಾಗಿ ಬರ್ತಿದ್ರೆ ಅನುಮಾನ ಪಡಿ.

ಗೂಬೆಯ ಕೂಗು ಫೋನಿನಲ್ಲಿ ಹಾಕಿ ಕರೆಯೋದೂ ಬೇಡ. ಚಳಿಗಾಲದಲ್ಲಿ ಅದು ಸುಮ್ನೆ ಶಕ್ತಿ ಕಳ್ಕೊಳ್ಳುತ್ತೆ.

ನಿರ್ವಾಹಕ
ಇಲಿ ವಿಷಯದ ಮೇಲೆ ಹಿಂದೆ ಎರಡು ಸಲ ಜಗಳ ಆಗಿ ಚರ್ಚೆ ಮುಚ್ಚಿದ್ದೇವೆ. ಇಲ್ಲಿಗೆ ಸಾಕು. ಮೂಲ ಪ್ರಶ್ನೆಗೆ ಬನ್ನಿ, ಕ್ಯಾಮೆರಾ ಮತ್ತು ಬಟ್ಟೆಯ ಬಗ್ಗೆ ಯಾರೂ ಬರೆದಿಲ್ಲ.

ಲೆನ್ಸ್_ಲಿಂಗಣ್ಣ
ಕ್ಯಾಮೆರಾ ನನ್ನ ಪಾಲಿಗಿರಲಿ.

ಫೋಟೋ ಮಸುಕಾಗಿದ್ದು ಫೋಕಸ್ ತಪ್ಪಿ ಅಲ್ಲ. ಕಾರೊಳಗೆ 22 ಡಿಗ್ರಿ, ಹೊರಗೆ ಮೈನಸ್ 25. ಕಿಟಕಿ ಇಳಿಸಿದ ಕೂಡ್ಲೆ ಬಿಸಿಗಾಳಿ ಹೊರಗೆ ನುಗ್ಗಿ ಲೆನ್ಸ್ ಮುಂದೆಯೇ ತೇಲಾಡುತ್ತೆ. ಬೇಸಿಗೆಯಲ್ಲಿ ಡಾಂಬರು ರಸ್ತೆ ಮೇಲೆ ಬಿಸಿಲು ಕುದಿಯೋ ಹಾಗೆ ಕಾಣುತ್ತಲ್ಲ, ಅದೇ. 600 ಎಂಎಂ ಲೆನ್ಸ್ ಇದ್ದಷ್ಟೂ ಹಾಳು ಹೆಚ್ಚು. ಪರಿಹಾರ: ಹುಡುಕಾಟದ ಹೊತ್ತಲ್ಲಿ ಹೀಟರ್ ಆರಿಸಿ, ಎರಡೂ ಕಡೆ ಕಿಟಕಿ ಇಳಿಸಿ, ಒಳಗೂ ಹೊರಗೂ ಚಳಿ ಒಂದೇ ಆಗೋವರೆಗೆ 10-15 ನಿಮಿಷ ಬಿಡಿ. ಎಂಜಿನ್ ಕೂಡ ಆರಿಸಿ, ಬಾನೆಟ್ ಮೇಲಿಂದ ಏಳೋ ಬಿಸಿಯೂ ಚಿತ್ರ ಕೆಡಿಸುತ್ತೆ, ನಡುಕವೂ ಇರುತ್ತೆ. ಅಪ್ಪ ಅಮ್ಮ ಇದ್ದಾಗ ಇದು ಆಗಲ್ಲ ಅಂದ್ರೆ ನೀವೊಬ್ಬರೇ ಕೆಳಗಿಳಿದು, ಬಾಗಿಲು ಹಾಕಿ, ಕಾರಿನ ಹಿಂಬದಿಗೆ ಒರಗಿ ತೆಗೀರಿ. ಆದ್ರೆ ಹಕ್ಕಿ ಹತ್ತಿರ ಇದ್ರೆ ಇಳಿಯಬೇಡಿ. ಕಾರಿಗೆ ಅದು ಹೆದರಲ್ಲ, ಎರಡು ಕಾಲಿನ ಮನುಷ್ಯನಿಗೆ ಹೆದರುತ್ತೆ.

ಬ್ಯಾಟರಿ ಸತ್ತಿಲ್ಲ, ಮರಗಟ್ಟಿದೆ. ಲಿಥಿಯಂ-ಅಯಾನ್ ಒಳಗೆ ರಾಸಾಯನಿಕ ಕ್ರಿಯೆ ನಿಧಾನ ಆಗಿ ವೋಲ್ಟೇಜ್ ಕುಸಿಯುತ್ತೆ, ಕ್ಯಾಮೆರಾ ಖಾಲಿ ಅಂತ ತೋರಿಸುತ್ತೆ. ತೆಗೆದು ಒಳ ಅಂಗಿಯ ಜೇಬಿಗೆ ಹಾಕಿ 20 ನಿಮಿಷ ಮೈಬಿಸಿ ಕೊಟ್ರೆ ಅರ್ಧದಷ್ಟು ವಾಪಸ್ ಬರುತ್ತೆ. ಮೂರು ಬ್ಯಾಟರಿ ಇಟ್ಕೊಳ್ಳಿ, ಒಂದು ಕ್ಯಾಮೆರಾದಲ್ಲಿ, ಎರಡು ಎದೆ ಹತ್ರ. ಕೈ ಬೆಚ್ಚಗಿಡೋ ಹ್ಯಾಂಡ್ ವಾರ್ಮರ್ ಪೊಟ್ಟಣದ ಜೊತೆ ಒಂದೇ ಜೇಬಲ್ಲಿ ಒತ್ತಿ ಇಡಬೇಡಿ, ಅತಿ ಬಿಸಿಯೂ ಒಳ್ಳೇದಲ್ಲ. ಮಿರರ್‌ಲೆಸ್ ಆದ್ರೆ ಸುಮ್ನೆ ವ್ಯೂಫೈಂಡರ್ ಉರೀತಾ ಇರೋದನ್ನ ತಪ್ಪಿಸಿ.

ವಾಪಸ್ ಹೋಟೆಲಿಗೆ ಹೋಗೋವಾಗ ಹೊಸಬರು ಮಾಡೋ ದೊಡ್ಡ ತಪ್ಪು: ತಣ್ಣಗಿನ ಕ್ಯಾಮೆರಾ ಹಾಗೇ ಬೆಚ್ಚಗಿನ ರೂಮಿಗೆ ಒಯ್ಯೋದು. ಫ್ರಿಜ್‌ನಿಂದ ತೆಗೆದ ಬಾಟಲಿ ಥರ ಬೆವರುತ್ತೆ, ಒಳಗಿನ ಗಾಜಿನ ಮೇಲೂ. ಕಾರ್ಡ್, ಬ್ಯಾಟರಿ ಹೊರಗೇ ತೆಗೆದುಕೊಂಡು, ಕ್ಯಾಮೆರಾನ ದೊಡ್ಡ ಜಿಪ್ ಇರೋ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ, ಆಮೇಲೆ ಒಳಗೆ ತನ್ನಿ. ಎರಡು ಗಂಟೆ ಚೀಲ ಬಿಚ್ಚಬೇಡಿ. ಬೆವರು ಚೀಲದ ಹೊರಗೆ ಕೂರುತ್ತೆ.

ಎಕ್ಸ್‌ಪೋಶರ್ ಕಾಂಪನ್ಸೇಶನ್, ಅಂದ್ರೆ ಚಿತ್ರದ ಬೆಳಕು ಏರಿಸೋದು, +1ರಿಂದ +1.7. ಇಲ್ಲಾಂದ್ರೆ ಮೀಟರ್ ಹಿಮವನ್ನ ಬೂದಿ ಮಾಡುತ್ತೆ, ಗೂಬೆಯನ್ನ ಇದ್ದಿಲು ಮಾಡುತ್ತೆ. ಹಾರೋವಾಗ 1/2000 ಸೆಕೆಂಡು, ಕೂತಿದ್ರೆ 1/500 ಸಾಕು.

ಎಂಟು_ನಲವತ್ತೆರಡು
ದುರ್ಬೀನಿಗೂ ಒಂದು ಸೂಚನೆ. ಕಣ್ಣಿಗಿಟ್ಟಾಗ ಉಸಿರು ಮೂಗಿಂದ ಮೇಲಕ್ಕೆ ಬಂದು ಐಪೀಸ್ ಮೇಲೆ ಮಂಜುಗಡ್ಡೆ ಕಟ್ಟುತ್ತೆ. ಮುಖದ ಮಫ್ಲರ್ ಮೂಗಿನ ಮೇಲೆ ಎಳೆದಿದ್ರೆ ಇನ್ನೂ ಬೇಗ. ನೋಡೋ ಅಷ್ಟು ಹೊತ್ತು ಉಸಿರು ಬಿಗಿಹಿಡಿದು, ಪಕ್ಕಕ್ಕೆ ತಿರುಗಿ ಬಿಡಿ. ಗಟ್ಟಿಯಾದ ಮಂಜನ್ನ ಕೈಗವಸಿಂದ ಉಜ್ಜಬೇಡಿ, ಲೇಪನ ಗೀರು ಬೀಳುತ್ತೆ. ಜಾಕೆಟ್ ಒಳಗೆ ಇಟ್ಟು ಕರಗಿಸೋದೂ ಬೇಡ, ಹೊರಗೆ ತೆಗೆದ ಕೂಡ್ಲೆ ಮತ್ತೆ ಕಟ್ಟುತ್ತೆ. ಸ್ವಲ್ಪ ಹೊತ್ತು ಬಯಲಲ್ಲಿ ಬಿಟ್ರೆ ಒಣಗಾಳಿಗೆ ತಾನೇ ಹೋಗುತ್ತೆ.

ಅಕ್ಕ_ಇನ್_ಅಲಾಸ್ಕ
ಬಟ್ಟೆ ನಾನು ಹೇಳ್ತೀನಿ. ಮೈನಾ ಅವರೇ, ಅಪ್ಪ ಅಮ್ಮನಿಗೆ ಊರಿಂದ ತಂದ ಹತ್ತಿಯ ಬನಿಯನ್, ಹತ್ತಿಯ ಕಾಲುಚೀಲ ಮೊದಲು ತೆಗೆಸಿ. ಹತ್ತಿ ಬೆವರು ಹಿಡಿದಿಟ್ಟುಕೊಳ್ಳುತ್ತೆ, ಒದ್ದೆಯಾದ ಮೇಲೆ ಅದು ಬಟ್ಟೆ ಅಲ್ಲ, ಮೈಗೆ ಸುತ್ತಿದ ಐಸು. ಒಳಗೆ ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ನಡುವೆ ಫ್ಲೀಸ್, ಮೇಲೆ ಗಾಳಿ ತಡೆಯೋ ದಪ್ಪ ಜಾಕೆಟ್. ಅಮ್ಮ ಸೀರೆನೇ ಉಡ್ತೀನಿ ಅಂದ್ರೆ ಒಳಗೆ ಥರ್ಮಲ್ ಪ್ಯಾಂಟ್, ಅದರ ಮೇಲೆ ಸ್ನೋ ಪ್ಯಾಂಟ್ ಹಾಕಿಸಿ, ಸೀರೆ ಹೋಟೆಲಿಗೆ.

ಕಾಲೇ ಮೊದಲು ಸೋಲೋದು. ಬೂಟು ಒಂದು ಸೈಜು ದೊಡ್ಡದಿರಲಿ. ಮೂರು ಜೊತೆ ಕಾಲುಚೀಲ ತುರುಕಿ ಬಿಗಿ ಮಾಡಿದ್ರೆ ರಕ್ತ ಓಡಲ್ಲ, ಹಿಡಿಗಾಳಿಯೂ ಒಳಗಿರಲ್ಲ, ಕಾಲು ಬೇಗ ಮರಗಟ್ಟುತ್ತೆ. ಟೋ ವಾರ್ಮರ್ ಹಾಕೋ ಮುಂಚೆ ಪೊಟ್ಟಣ ಬಿಚ್ಚಿ 10 ನಿಮಿಷ ಗಾಳಿಗಿಡಿ. ಒಳಗಿರೋದು ಕಬ್ಬಿಣದ ಪುಡಿ, ಗಾಳಿಯ ಆಮ್ಲಜನಕ ಸಿಕ್ರೆ ಮಾತ್ರ ಬಿಸಿಯಾಗುತ್ತೆ. ಬಿಗಿ ಬೂಟಲ್ಲಿ ಅದೂ ಉಸಿರುಗಟ್ಟಿ ಆರಿಹೋಗುತ್ತೆ. ಚರ್ಮಕ್ಕೆ ನೇರ ಅಂಟಿಸಬೇಡಿ, ಸಕ್ಕರೆ ಕಾಯಿಲೆ ಇರೋರಿಗೆ ಪಾದದಲ್ಲಿ ಸುಟ್ಟದ್ದೂ ಗೊತ್ತಾಗಲ್ಲ.

ವಿಂಡ್ ಚಿಲ್, ಅಂದ್ರೆ ಗಾಳಿ ಸೇರಿ ಮೈಗೆ ತಟ್ಟೋ ಚಳಿ, ಮೈನಸ್ 28 ಸೆಲ್ಸಿಯಸ್‌ಗಿಂತ ಕೆಳಗಿಳಿದ್ರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೂಗಿನ ತುದಿ, ಕಿವಿ, ಕೆನ್ನೆ ಬೆಳ್ಳಗೆ ಮೇಣದಂತೆ ಆಯ್ತಾ ಅಂತ ಒಬ್ಬರ ಮುಖ ಒಬ್ಬರು ನೋಡ್ಕೊಳ್ತಾ ಇರಿ. ಆಯ್ತು ಅಂದ್ರೆ ಉಜ್ಜಬೇಡಿ, ಹಿಮ ತಿಕ್ಕೋದಂತೂ ಬೇಡವೇ ಬೇಡ. ಕಾರೊಳಗೆ ಕೂರಿಸಿ, ಬೆಚ್ಚಗಿನ ಅಂಗೈ ಇಟ್ಟು ಸುಮ್ನೆ ಒತ್ತಿಹಿಡೀರಿ. ಮರಳಿ ಬಣ್ಣ ಬರದಿದ್ರೆ, ಗುಳ್ಳೆ ಎದ್ರೆ ಆಸ್ಪತ್ರೆಗೆ ಹೋಗಿ.

ಫ್ಲಾಸ್ಕಲ್ಲಿ ಬಿಸಿ ಚಹಾ, ಜೊತೆಗೆ ಚಕ್ಕುಲಿ, ಕೋಡುಬಳೆ. ಬಾಳೆಹಣ್ಣು ಬೇಡ, ಕಲ್ಲಾಗುತ್ತೆ.

ಧಾರವಾಡದ_ಹಕ್ಕಿ
ಧಾರವಾಡ ಫೇಡೆ ಒಯ್ರಿ. ಅದೂ ಕಲ್ಲಾಗತೈತಿ, ಆದರ ಬಾಯಾಗ ಕರಗತೈತಿ.

ಉತ್ತರದಿಕ್ಕು
ಕಾರಿನ ಬಗ್ಗೆ ಚಿಕ್ಕದಾಗಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ, ಕ್ಲೋಕೆಯಲ್ಲೇ ತುಂಬಿಸಿ. ನಕ್ಷೆ ಆಫ್‌ಲೈನ್ ಇಳಿಸಿಕೊಳ್ಳಿ, ಬಾಗ್ ಒಳಗೆ ಕೆಲವು ಕಡೆ ಸಿಗ್ನಲ್ ಇರಲ್ಲ. ಸಲಿಕೆ, ಜಂಪರ್ ಕೇಬಲ್, ಕಂಬಳಿ, ಒಂದು ಚೀಲ ಮರಳು. ಇದೆಲ್ಲಕ್ಕಿಂತ ಮುಖ್ಯ, ರಸ್ತೆ ಅಂಚು. ಹಿಮ ತೆಗೆಯೋ ಗಾಡಿ ರಸ್ತೆಗಿಂತ ಎರಡು ಮೂರು ಅಡಿ ಆಚೆವರೆಗೆ ಹಿಮ ಸಮ ಮಾಡಿರುತ್ತೆ, ನೋಡೋಕೆ ರಸ್ತೆಯೇ ಅನ್ಸುತ್ತೆ. ಕೆಳಗೆ ಇರೋದು ಹಳ್ಳ. ಗೂಬೆ ಕಂಡ ಸಂಭ್ರಮದಲ್ಲಿ ಪಕ್ಕಕ್ಕೆ ಎಳೆದೋರು ಅಲ್ಲೇ ಓರೆಯಾಗಿ ಕೂರ್ತಾರೆ. ಚಕ್ರ ಗಟ್ಟಿ ನೆಲದ ಮೇಲೇ ಇರಲಿ, ಹಜಾರ್ಡ್ ದೀಪ ಹಾಕಿ, ತಿರುವಲ್ಲಿ ನಿಲ್ಲಬೇಡಿ. ಎಲ್ಲ ಕಾರುಗಳೂ ರಸ್ತೆಯ ಒಂದೇ ಬದಿಗೆ ನಿಲ್ಲಲಿ. ಎರಡೂ ಬದಿ ನಿಂತ್ರೆ ಮರದ ಲಾರಿಗೆ ದಾರಿ ಇರಲ್ಲ. ಸುತ್ತ ಖಾಸಗಿ ಜಮೀನು ಬಹಳ, ಬೇಲಿ ಇಲ್ಲ ಅಂತ ಒಳಗೆ ನುಗ್ಗಬೇಡಿ.

ಇದೇ ಸೇಂಟ್ ಲೂಯಿಸ್ ಕೌಂಟಿಯ ಟವರ್ ಅನ್ನೋ ಊರಲ್ಲಿ 1996ರ ಫೆಬ್ರವರಿ 2ರಂದು ಮೈನಸ್ 60 ಫ್ಯಾರನ್‌ಹೀಟ್ ದಾಖಲಾಗಿದೆ. ಸೆಲ್ಸಿಯಸ್‌ನಲ್ಲಿ ಮೈನಸ್ 51. ಚಳಿ ಅಂದ್ರೆ ತಮಾಷೆ ಅಲ್ಲ ಅಂತ ಹೇಳಿದ್ದು.

ಬೀಜದಡಬ್ಬಿ
ಮಧ್ಯಾಹ್ನದ ಹೊತ್ತು ಹಾಳು ಅಂತ ಬರೆದೋರಿಗೆ ನನ್ನ ಆಕ್ಷೇಪ ಇದೆ! ಅಡ್ಮಿರಲ್ ರಸ್ತೆಯ ಫೀಡರ್ ಹತ್ರ ಒಂದು ಗಂಟೆ ಸುಮ್ನೆ ಕೂತ್ರೆ ಕೆನಡಾ ಜೇ, ಬೋರಿಯಲ್ ಚಿಕಡೀ, ಪೈನ್ ಗ್ರೋಸ್‌ಬೀಕ್ ಕಾರಲ್ಲೇ ಕೂತು ನೋಡಬಹುದು. ಅಪ್ಪ ಅಮ್ಮನಿಗೆ ಹೇಳಿ ಮಾಡಿಸಿದ ಜಾಗ. ಕೊಂಬೆಗೆ ಬಳಿದ ಕಡಲೆಕಾಯಿ ಬೆಣ್ಣೆ ಕಡೆ ಕಣ್ಣಿಡಿ, ಬೋರಿಯಲ್ ಚಿಕಡೀ ಅದಕ್ಕೆ ಬಂದೇ ಬರುತ್ತೆ. ಕಪ್ಪು ಟೋಪಿಯ ಮಾಮೂಲಿ ಚಿಕಡೀ ಹತ್ತು ಬಂದ್ರೆ ಇದು ಒಂದು. ಟೋಪಿ ಕಂದು, ಪಕ್ಕೆ ಕೆಂಗಂದು, ದನಿ ನೆಗಡಿಯಾದವರ ಥರ ಗೊಗ್ಗರು, ನಿಧಾನ.

ಆ ಮಾಮೂಲಿ ಚಿಕಡೀಯನ್ನೂ ಹಗುರ ಮಾಡಬೇಡಿ. 11 ಗ್ರಾಂ ತೂಕ. ರಾತ್ರಿ ಮೈ ತಾಪವನ್ನ ತಾನೇ 10 ಡಿಗ್ರಿಯಷ್ಟು ಇಳಿಸಿಕೊಂಡು ಹಗಲು ತಿಂದ ಕೊಬ್ಬನ್ನ ಬೆಳಗಿನವರೆಗೆ ಎಳೆಯುತ್ತೆ. ಬೆಳಿಗ್ಗೆ ಎದ್ದ ಕೂಡ್ಲೆ ಊಟ ಬೇಕು. ಅದಕ್ಕೇ ಫೀಡರ್‌ನಲ್ಲಿ ಮೊದಲ ಗಂಟೆ ಅಷ್ಟು ಗದ್ದಲ.

ಮನೆ ಹಿತ್ತಲಲ್ಲಿ ಫೀಡರ್ ಇಡೋರಿಗೆ: ಕಪ್ಪು ಎಣ್ಣೆ ಸೂರ್ಯಕಾಂತಿ ಒಂದೇ ಸಾಕು, ಅಂಗಡಿಯ ಮಿಶ್ರ ಕಾಳಲ್ಲಿ ಅರ್ಧ ಕೆಂಪು ಜೋಳ, ಅದನ್ನ ಹಕ್ಕಿ ಒದ್ದು ಕೆಳಗೆ ಹಾಕುತ್ತೆ. ರೆಡ್‌ಪೋಲ್ ಅನ್ನೋ ಪುಟ್ಟ ಹಕ್ಕಿಗೆ ಹುಚ್ಚೆಳ್ಳು, ಇಲ್ಲಿ ನೈಜರ್ ಅಂತ ಮಾರ್ತಾರೆ. ಅದು ಹಳತಾದ್ರೆ ಎಣ್ಣೆ ಆರಿ ಯಾವ ಹಕ್ಕಿಯೂ ಮುಟ್ಟಲ್ಲ. ಮರಕುಟಿಗಕ್ಕೆ ದನದ ಕೊಬ್ಬಿನ ಬಿಲ್ಲೆ. ಎರಡು ವಾರಕ್ಕೊಮ್ಮೆ ಫೀಡರ್ ಬಿಚ್ಚಿ ತೊಳೀರಿ, 9 ಪಾಲು ನೀರಿಗೆ 1 ಪಾಲು ಬ್ಲೀಚ್, 10 ನಿಮಿಷ ನೆನೆಸಿ, ಪೂರ್ತಿ ಒಣಗಿಸಿ. 2021ರಲ್ಲಿ ಪೈನ್ ಸಿಸ್ಕಿನ್ ಹಕ್ಕಿಗಳಿಗೆ ಸಾಲ್ಮೊನೆಲ್ಲಾ ಸೋಂಕು ಹರಡಿ ಎಷ್ಟೋ ಕಡೆ ಫೀಡರ್ ಇಳಿಸಿ ಅಂತ ಹೇಳಬೇಕಾಯ್ತು. ಪುಕ್ಕ ಉಬ್ಬಿಸಿಕೊಂಡು ತೂಕಡಿಸೋ ಹಕ್ಕಿ ಕಂಡ್ರೆ ಅವತ್ತೇ ಫೀಡರ್ ತೆಗೀರಿ, ಎರಡು ವಾರ ಬಿಡಿ. ಕಿಟಕಿಯಿಂದ 3 ಅಡಿ ಒಳಗೆ ಅಥವಾ 30 ಅಡಿ ಆಚೆ ಇಡಿ. ನಡುವೆ ಇಟ್ರೆ ಗಾಜಿಗೆ ಬಡಿಯೋ ವೇಗ ಸಿಗುತ್ತೆ.

ಮರಕುಟಿಗ
ಹುಚ್ಚೆಳ್ಳಾ! ಊರಲ್ಲಿ ಚಟ್ನಿಪುಡಿ ಮಾಡ್ತೀವಿ, ಇಲ್ಲಿ ಹಕ್ಕಿಗೆ.

ಅಕ್ಕ_ಇನ್_ಅಲಾಸ್ಕ
ಹಕ್ಕಿ ಅಂಗಡಿಯ ಚೀಲ ತಂದು ಚಟ್ನಿಪುಡಿ ಮಾಡೋಕೆ ಹೋಗಬೇಡಿ. ಮೊಳೆಯದಿರಲಿ ಅಂತ ಬಿಸಿ ಹಾಯಿಸಿರ್ತಾರೆ, ಮನುಷ್ಯರು ತಿನ್ನೋ ಲೆಕ್ಕದಲ್ಲಿ ಶುದ್ಧ ಮಾಡಿರಲ್ಲ.

ಟೊರಾಂಟೊ_ಟಿಟ್ಟಿಭ
ರೆಡ್‌ಪೋಲ್ ಅಂದ್ರಲ್ಲ, ಕಾಮನ್ನಾ ಹೋರಿನಾ? ಹೋರಿ ರೆಡ್‌ಪೋಲನ್ನ ನೋಡಿದ ಹಕ್ಕಿಗಳ ಪಟ್ಟಿಗೆ ಸೇರಿಸೋದೇ ಒಂದು ಹಬ್ಬ.

ಎಂಟು_ನಲವತ್ತೆರಡು
ಹಬ್ಬ ಮುಗೀತು. 2024ರಲ್ಲಿ ಅಮೆರಿಕನ್ ಪಕ್ಷಿತಜ್ಞರ ಸಂಘ ಕಾಮನ್, ಹೋರಿ, ಲೆಸ್ಸರ್ ಮೂರನ್ನೂ ಸೇರಿಸಿ ಒಂದೇ ರೆಡ್‌ಪೋಲ್ ಮಾಡಿದೆ. ನಿಮ್ಮ ಪಟ್ಟಿಯಲ್ಲಿ ಒಂದು ಕಮ್ಮಿ.

ಟೊರಾಂಟೊ_ಟಿಟ್ಟಿಭ
ಅನ್ಯಾಯ ಕಣ್ರೀ. ಬೆಳ್ಳಗೆ ಉಂಡೆಯಂತಿರೋ ಹಕ್ಕಿ, ಗಿಡ್ಡ ಕೊಕ್ಕು, ಬಾಲದ ಬುಡದಲ್ಲಿ ಗೆರೆ ಇಲ್ಲ, ಕಣ್ಣಿಗೆ ಬೇರೆ ಅಂತ ಕಾಣುತ್ತೆ.

ಎಂಟು_ನಲವತ್ತೆರಡು
ಕಣ್ಣಿಗೆ ಕಾಣೋದೆಲ್ಲ ಒಂದೇ ವರ್ಣತಂತುವಿನ ಒಂದು ತುಂಡು ತಲೆಕೆಳಗಾಗಿರೋದ್ರ ಆಟ, ಉಳಿದ ವಂಶವಾಹಿ ಹತ್ತಿರ ಹತ್ತಿರ ಒಂದೇ. ಗುರುತಿಸೋ ಖುಷಿ ಯಾರೂ ಕಿತ್ಕೊಂಡಿಲ್ಲ, ಬರ್ಕೊಳ್ಳಿ, ಅಂಕ ಮಾತ್ರ ಸಿಗಲ್ಲ. ಗ್ರೇ ಜೇ 2018ರಲ್ಲಿ ಕೆನಡಾ ಜೇ ಆದಾಗ ನೀವು ಕೆನಡಾದವರು ಕುಣಿದ್ರಲ್ಲ, ಇದನ್ನೂ ತಡ್ಕೊಳ್ಳಿ.

ಟೊರಾಂಟೊ_ಟಿಟ್ಟಿಭ
ಇರಲಿ. ಆದ್ರೆ ರೆಡ್‌ಪೋಲ್ ಪ್ರತಿ ವರ್ಷ ಬರಲ್ಲ ಅನ್ನೋದನ್ನ ಮೈನಾ ಅವರಿಗೆ ಹೇಳಬೇಕು. ಉತ್ತರದಲ್ಲಿ ಬರ್ಚ್, ಆಲ್ಡರ್ ಬೀಜ ಚೆನ್ನಾಗಿ ಬಿಟ್ರೆ ಅವು ಅಲ್ಲೇ ಇರ್ತಾವೆ, ಕೈಕೊಟ್ರೆ ದಕ್ಷಿಣಕ್ಕೆ. ಕ್ರಾಸ್‌ಬಿಲ್ ಹಕ್ಕಿಗೆ ಸ್ಪ್ರೂಸ್ ಕಾಯಿ, ಪೈನ್ ಗ್ರೋಸ್‌ಬೀಕ್‌ಗೆ ಮೌಂಟನ್ ಆಶ್ ಹಣ್ಣು. ಪ್ರತಿ ಶರತ್ಕಾಲ ಈ ಬೆಳೆ ನೋಡಿ ಚಳಿಗಾಲದ ಫಿಂಚ್ ಮುನ್ಸೂಚನೆ, ಅಂದ್ರೆ ಇಂಥ ಕಾಳು ತಿನ್ನೋ ಹಕ್ಕಿ ಎಲ್ಲಿಗೆ ಬರ್ತಾವೆ ಅನ್ನೋ ಅಂದಾಜು, ಬರುತ್ತೆ. ರಾನ್ ಪಿಟ್ಟವೇ ಎಷ್ಟೋ ವರ್ಷ ಬರೆದ್ರು, 2020ರಿಂದ ಟೈಲರ್ ಹೋರ್ ಬರೀತಾರೆ. ಅದನ್ನ ಓದಿ ಹೊರಟ್ರೆ ಏನು ನಿರೀಕ್ಷಿಸಬಾರದು ಅನ್ನೋದು ಗೊತ್ತಾಗುತ್ತೆ. ಈ ಕಡೆ ಬರೋದಾದ್ರೆ ಒಂಟಾರಿಯೊದ ಅಲ್ಗಾಂಕ್ವಿನ್ ಪಾರ್ಕಿನ ವಿಸಿಟರ್ ಸೆಂಟರ್ ಫೀಡರ್, ಸ್ಪ್ರೂಸ್ ಬಾಗ್ ಹಾದಿ ಎರಡೂ ನೋಡಿ.

ಮಿನಿಯಾಪೊಲಿಸ್_ಮೈನಾ
ಸ್ನೋಯಿ ಔಲ್ ಕೂಡ ಬಾಗ್‌ನಲ್ಲೇ ಸಿಗುತ್ತಾ?

ಉತ್ತರದಿಕ್ಕು
ಕಾಡಲ್ಲಿ ಹುಡುಕಬೇಡಿ. ಅದು ಮರವಿಲ್ಲದ ಟಂಡ್ರಾದ ಹಕ್ಕಿ, ಇಲ್ಲೂ ಬಯಲೇ ಬೇಕು. ಡುಲುತ್-ಸುಪೀರಿಯರ್ ಬಂದರು, ಸುಪೀರಿಯರ್ ಕಡೆಯ ವಿಮಾನ ನಿಲ್ದಾಣದ ಸುತ್ತಮುತ್ತ, ಕೈಗಾರಿಕಾ ಪ್ರದೇಶದ ದೀಪದ ಕಂಬಗಳು. ಹಗಲೆಲ್ಲ ಹಿಮದ ಉಂಡೆ ಥರ ನೆಲದ ಮೇಲೆ ಕೂತಿರುತ್ತೆ. ಸಂಜೆ ಬೆಳಕು ಇಳಿದಾಗ ಕಂಬ ಏರುತ್ತೆ. ಉಪವಾಸ ಬಿದ್ದು ಬಂದ ಹಕ್ಕಿ ಅಂತ ಎಲ್ಲ ಕಡೆ ಬರೀತಾರೆ. ಆದ್ರೆ ದೊಡ್ಡ ಗುಂಪು ಇಳಿಯೋದು ಸಾಮಾನ್ಯವಾಗಿ ಲೆಮ್ಮಿಂಗ್ ಅನ್ನೋ ಟಂಡ್ರಾದ ಇಲಿ ಹೇರಳವಾಗಿ ಮರಿಗಳು ಜಾಸ್ತಿ ಬದುಕಿದ ವರ್ಷದ ಮರುಚಳಿಗೆ. 2013-14ರಲ್ಲಿ ಬಂದವುಗಳಲ್ಲಿ ಎಷ್ಟೋ ಕೊಬ್ಬಿಕೊಂಡೇ ಇದ್ದವು.

ಧಾರವಾಡದ_ಹಕ್ಕಿ
ಒಂದು ತಮಾಷಿ ನೋಡ್ರಿ. ನಮ್ಮ ಗದಗ ಕಡೆ ಮಾಗಡಿ ಕೆರಿಗೆ ಪಟ್ಟೆತಲೆ ಹೆಬ್ಬಾತು ಚಳಿ ತಪ್ಪಿಸಿಕೊಳ್ಳಾಕ ಹಿಮಾಲಯ ದಾಟಿ ಬರ್ತಾವು, ಶೇಂಗಾ ಹೊಲದಾಗ ಮೇಯತಾವು. ಇಲ್ಲಿ ಮಂದಿ ಮೈನಸ್ 25ಕ್ಕ ಹಕ್ಕಿ ನೋಡಾಕ ಉತ್ತರಕ್ಕ ಹೊಂಟಾರ. ಅಂದಹಾಗ ಈ ಗ್ರೇಟ್ ಗ್ರೇಗೆ ಕನ್ನಡದಾಗ ಏನಂತೀರಿ?

ಕುಡ್ಲ_ಕಡಲಕಾಗೆ
ಬೂದು ಹೆಗ್ಗೂಬೆ.

ಮರಕುಟಿಗ
ಉಂಗುರ ಮುಖದ ಗೂಬೆ ಅಂದ್ರೆ ಇನ್ನೂ ಸರಿ. ಮುಖದ ತುಂಬ ಮರ ಕಡಿದಾಗ ಕಾಣೋ ಥರ ಬಳೆ ಬಳೆ ಇದೆ. ಬೂದು ಗೂಬೆ ಬೇರೆ ಎಷ್ಟೋ ಇವೆ.

ಕುಡ್ಲ_ಕಡಲಕಾಗೆ
ಉಂಗುರ ಮುಖ ಉದ್ದ ಆಯ್ತು. ಹೆಗ್ಗೂಬೆ ಅಂದ್ರೆ ಬಾಯಿ ತುಂಬ್ತದೆ.

ಮಿನಿಯಾಪೊಲಿಸ್_ಮೈನಾ
ಅಮ್ಮ ಇದನ್ನೆಲ್ಲ ಓದಿಸಿಕೊಂಡು ‘ಹಾಲಕ್ಕಿ ನುಡಿದ್ರೆ ಶುಭ, ಗೂಬೆ ನೋಡಿದ್ರೆ ಏನು?’ ಅಂತಿದಾರೆ :) ಹೆಗ್ಗೂಬೆಗೆ ನನ್ನ ಓಟು.

ಯೋಜನೆ ಬದಲಾಯಿಸಿದೆ: ಶುಕ್ರವಾರ ರಾತ್ರಿ ಕ್ಲೋಕೆ. ಶನಿವಾರ 7:10ಕ್ಕೆ ಮೆಕ್‌ಡೇವಿಟ್ ರಸ್ತೆ, 9:30ಕ್ಕೆ ವೆಲ್ಕಮ್ ಸೆಂಟರ್, ಆಮೇಲೆ ಅಡ್ಮಿರಲ್ ಫೀಡರ್. 3:15ರಿಂದ ಕತ್ತಲಾಗೋವರೆಗೆ ಮತ್ತೆ ರಸ್ತೆ. ಭಾನುವಾರ ಗಾಳಿ ಕಮ್ಮಿ ಇದ್ರೆ ಇದೇ ಸುತ್ತು, ಜಾಸ್ತಿ ಇದ್ರೆ ಡುಲುತ್ ಬಂದರು.

ಉತ್ತರದಿಕ್ಕು
ಚೆನ್ನಾಗಿದೆ. ಶುಕ್ರವಾರ ಹೊರಡೋ ಮುಂಚೆ ವೈಪರ್ ನೀರು ಬದಲಾಯಿಸಿ. 32 ಫ್ಯಾರನ್‌ಹೀಟ್‌ವರೆಗಿನ ಅಗ್ಗದ್ದು ಇದ್ರೆ ಕ್ಲೋಕೆ ತಲುಪೋ ಮುಂಚೆ ಕೊಳವೆಯಲ್ಲೇ ಗಟ್ಟಿಯಾಗುತ್ತೆ, ಉಪ್ಪು ನೀರು ಎರಚಿದ ಗಾಜಲ್ಲಿ ಬೆಳಗಿನ ಹೊತ್ತು ಮೋಟು ಮರನೂ ಕಾಣಲ್ಲ. ಡಬ್ಬಿ ಮೇಲೆ ಮೈನಸ್ 25 ಅಥವಾ ಅದಕ್ಕಿಂತ ಕೆಳಗೆ ಅಂತ ಬರೆದಿರೋದು ತಗೊಳ್ಳಿ.

ಮಿನಿಯಾಪೊಲಿಸ್_ಮೈನಾ
ಫ್ಯಾರನ್‌ಹೀಟ್ ಮೈನಸ್ 25 ತಾನೇ?

ಉತ್ತರದಿಕ್ಕು
ಹೌದು, ಫ್ಯಾರನ್‌ಹೀಟ್.